ಮುಖ್ಯ ಹಬೆ ಅಧಿಕಾರಿ

೮ ಸೆಪ್ಟೆಂಬರ್ ೨೦೦೯

ಮಾತಾಡಲು ಜನ ಸಿಗದವನು ಬರೆಯಲು ಕೂರುತ್ತಾನೆ. ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಖಾಲಿ ಬಿದ್ದಿತ್ತು, ತೆಗೆದುಕೊಂಡೆ.

ವಿಷಯ ಇಷ್ಟು. ನನ್ನ ಮನೆಯವಳು ವಿಮಲಮ್ಮ ಗಣಪತಿ ಹಬ್ಬದ ಮಾರನೇ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಜಗಳ ಆಡಿ ಬಿಟ್ಟಿದ್ದರೆ ಅದೊಂದು ಲೆಕ್ಕ. ಆವತ್ತು ಬೆಳಿಗ್ಗೆ ನನ್ನೆದುರು ಬಂದು ನಿಂತು, "ನನ್ನ ಗಂಟಲು ಹರಿದುಹೋಯ್ತು ಕಣ್ರೀ, ಇನ್ನು ನನ್ನ ಕೈಲಾಗಲ್ಲ" ಎಂದು ಬೀದಿಗೇ ಕೇಳುವಂತೆ ಹೇಳಿದಳು. ಅದೇ ಕೊನೆಯ ಮಾತು. ಏನು ಕೈಲಾಗುವುದಿಲ್ಲ, ವಿವರವಿಲ್ಲ. ಅಡುಗೆಮನೆಯಲ್ಲಿ ನನಗೆ ಬೆನ್ನು ಹಾಕಿ ಕೆಲಸ ಮಾಡುತ್ತಾಳೆ, ತಟ್ಟೆ ಇಡುತ್ತಾಳೆ, ಹೋಗುತ್ತಾಳೆ. ಇವಳ ಬಾಯಿ ಯಾವಾಗ ಮುಚ್ಚುತ್ತದೋ ಎಂದು ಸಂಸಾರದುದ್ದಕ್ಕೂ ಎಷ್ಟೋ ಸಲ ಅಂದುಕೊಂಡಿದ್ದೆ. ಈಗ ಮುಚ್ಚಿದೆ. ಮನೆ ಬಿಕೋ ಎನ್ನುತ್ತಿದೆ.

ಊರೂ ಹಾಗೇ ಇದೆ. ಭದ್ರಾವತಿಯ ಕಾರ್ಖಾನೆಯ ಬಾಯ್ಲರ್ ಹೌಸಿನಲ್ಲಿ ಜೀವಮಾನವಿಡೀ ಹಬೆ ಎಬ್ಬಿಸಿದವನು ನಾನು. ಎರಡು ವರ್ಷದ ಹಿಂದೆ ವಿಆರ್‌ಎಸ್ ತೆಗೆದುಕೊಂಡು ಶಿವಮೊಗ್ಗಕ್ಕೆ ಬಂದು ಆಲ್ಕೊಳದಲ್ಲಿ ಮನೆ ಕಟ್ಟಿಸಿದೆ. ಬರುವ ಮೊದಲು ಯಾರಾದರೂ ಹೇಳಬೇಕಿತ್ತು: ಈ ಊರಿನವರಿಗೆ ಪಿಸುಗುಟ್ಟುವ ಚಟ. ಬಸ್ ಕಂಡಕ್ಟರ್ ಪಿಸುಗುಟ್ಟುತ್ತಾನೆ. ಬ್ಯಾಂಕಿನ ಹುಡುಗಿ ಗಾಜಿನ ಹಿಂದೆ ಮೀನಿನ ಹಾಗೆ ಬಾಯಿ ಆಡಿಸುತ್ತಾಳೆ. ಟಿವಿಯಲ್ಲಿ ವಾರ್ತೆ ಓದುವವರು ಕೂಡ ಏನೋ ಗುಟ್ಟು ಹೇಳುವಂತೆ ಓದುತ್ತಾರೆ. ಧ್ವನಿ ಏರಿಸಿದರೆ ಮಗಳು ಬಂದು ಇಳಿಸುತ್ತಾಳೆ.

೧೦ ಸೆಪ್ಟೆಂಬರ್

ಎಂದಿನಂತೆ ಬೆಳಗಿನ ಬಸ್ಸಿಗೆ ಭದ್ರಾವತಿಗೆ ಹೋಗಿ ಬಂದೆ. ಕಾರ್ಖಾನೆಯ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಹಳಬರೆಲ್ಲ ಸೇರುತ್ತೇವೆ. ನನ್ನ ಜೀವದ ಗೆಳೆಯ ಚೌಡಪ್ಪ ಅಲ್ಲೇ ಇರುತ್ತಾನೆ, ಫೋರ್ಜ್ ಶಾಪಿನಲ್ಲಿ ಸುತ್ತಿಗೆ ಯಂತ್ರದ ಪಕ್ಕ ದುಡಿದವನು. ಅಲ್ಲಿ ಜನ ಜನರ ಹಾಗೆ ಮಾತಾಡುತ್ತಾರೆ. ಒಂದು ಸಲ ಹೇಳಿದರೆ ಗೇಟಿನ ಒಳಗಿರುವವನಿಗೂ ತಿಳಿಯಬೇಕು, ಅದು ಮಾತು. ಅಂಗಡಿಯವನು ಮಾತ್ರ ಆಗಾಗ ಬಂದು ಕೈಮುಗಿದು ಮೆಲ್ಲಗೆ ಎನ್ನುವಂತೆ ಸನ್ನೆ ಮಾಡುತ್ತಾನೆ. ಅವನು ಶಿವಮೊಗ್ಗದ ಕಡೆಯವನು, ಅವನ ತಪ್ಪಲ್ಲ.

ಚೌಡಪ್ಪನಿಗೆ ಮನೆಯ ಕಥೆ ಹೇಳಿದೆ.

"ಹೆಂಗಸ್ರು ಮಾತು ಬಿಟ್ರೆ ಸೀರೆ ತಗಂಡೋಗು ಮಾರಾಯ," ಅಂದ.

"ಬಣ್ಣ?"

"ಮಾತಾಡೋ ಬಣ್ಣ ಯಾವ್ದಿದ್ರೆ ಅದು."

ಗಾಂಧಿ ಬಜಾರಿನಲ್ಲಿ ಇಳಿದು ಒಂದು ಹಸಿರು ಸೀರೆ ತಂದೆ. ಮನೆಯವಳು ಕೈಯಲ್ಲಿ ಹಿಡಿದು ನೋಡಿ, ಒಳಗೆ ಹೋಗಿ, ಕಿಟಕಿಯ ಕಡೆ ಮುಖ ಮಾಡಿ ತುಂಬಾ ಹೊತ್ತು ನಿಂತಿದ್ದಳು. ನಾನು ಹೊಸ್ತಿಲಲ್ಲಿ ಕಾದೆ. ಒಂದು ಮಾತಿಲ್ಲ.

೧೪ ಸೆಪ್ಟೆಂಬರ್

ಇವತ್ತು ಮನೆಯಲ್ಲಿ ಒಂದು ಒಳ್ಳೆಯ ಶಬ್ದ ಕಿವಿಗೆ ಬಿತ್ತು.

ಮಗಳು ಪ್ರಿಯದರ್ಶಿನಿ ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ. ಅವಳೂ ಅವಳ ಸ್ನೇಹಿತರಿಬ್ಬರೂ ತಾರಸಿಯ ಶೀಟ್ ಮನೆಯಲ್ಲಿ ಸೇರಿ ಏನೋ ನಡೆಸುತ್ತಿದ್ದರು. ಸಿದ್ದು ಎಂಬ ಹುಡುಗ ಎಣ್ಣೆ ಡಬ್ಬ, ಕಬ್ಬಿಣದ ತಗಡು, ಹಳೇ ಸೈಕಲ್ ರಿಮ್ಮು ಸಾಲಾಗಿ ಇಟ್ಟುಕೊಂಡು ಬಡಿಯುತ್ತಿದ್ದ. ಪೈಪಿನವರು ಬಂದಿದ್ದಾರೆ ಅಂದುಕೊಂಡು ಮೇಲೆ ಹೋದೆ. ಸಮತಾ ಎಂಬ ಹುಡುಗಿ ಪಿಟೀಲು ಹಿಡಿದಿದ್ದಳು, ಬಹುಶಃ ಬಿಲ್ಲಿಗೆ ಏನೋ ಕೆಟ್ಟಿದೆ, ಎಷ್ಟು ಎಳೆದರೂ ಶಬ್ದ ಹೊರಡಲಿಲ್ಲ. ಪ್ರಿಯಾ ಹಾರ್ಮೋನಿಯಂ ಒತ್ತುತ್ತಿದ್ದಳು.

"ಏನಿದು?" ಅಂದೆ.

ಪ್ರಿಯಾ ನನ್ನ ಕಿವಿಯ ಹತ್ತಿರ ಬಂದು ಕಿರುಚಿದಳು. ಯಾಕೆ ಕಿರುಚುತ್ತಾಳೋ, ತಾಯಿಯ ಗುಣ. "ಅಪ್ಪ, ಇದು ಸ್ಟೀಮ್‌ಪಂಕ್. ಹೊರದೇಶದಲ್ಲಿ ಈಗ ಇದೊಂದು ಥರ ಸಂಗೀತ."

ಸ್ಟೀಮ್. ಈ ಮನೆ ಕಟ್ಟಿಸಿದ ಮೇಲೆ ಇದೇ ಮೊದಲು ಯಾರೋ ಆ ಶಬ್ದ ಎತ್ತಿದ್ದು. ನನ್ನ ಕಣ್ಣು ಒದ್ದೆಯಾಯಿತು, ಮರೆಮಾಚುವುದೇನಿದೆ.

"ಬಾಯ್ಲರ್ ಎಲ್ಲಿ?"

ಬಾಯ್ಲರ್ ಇಲ್ಲವಂತೆ. ಪ್ರೆಷರ್ ಎಷ್ಟು ಎಂದರೆ ಮುಖ ಮುಖ ನೋಡಿಕೊಂಡರು. ಹಬೆಯೇ ಇಲ್ಲವಂತೆ. ಇದ್ದದ್ದು ಕಂದು ಕೋಟು, ಮೋಟಾರ್ ಸೈಕಲ್ಲಿನವರು ಹಾಕುವ ದೊಡ್ಡ ಕನ್ನಡಕ, ಕೋಟಿನ ಮೇಲೆ ಫೆವಿಕಾಲ್ ಹಾಕಿ ಅಂಟಿಸಿದ ಹಲ್ಲುಚಕ್ರಗಳು.

"ಈ ಚಕ್ರ ಯಾವುದನ್ನ ತಿರುಗಿಸುತ್ತಮ್ಮ?" ಎಂದು ಸಮತಾಳನ್ನು ಕೇಳಿದೆ.

ಅವಳು ತಲೆಯಾಡಿಸಿದಳು. ಯಾವುದನ್ನೂ ಇಲ್ಲ. ಒಂದು ಹಲ್ಲಿಗೆ ಇನ್ನೊಂದು ಹಲ್ಲು ಕಚ್ಚಿಲ್ಲ, ಸುಮ್ಮನೆ ಎದೆ ಮೇಲೆ ಕೂತಿವೆ. ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ.

೧೫ ಸೆಪ್ಟೆಂಬರ್

ಈ ಸ್ಟೀಮ್‌ಪಂಕ್ ಎಂದರೆ ಏನೆಂದು ಒಬ್ಬೊಬ್ಬರನ್ನೇ ಹತ್ತಿರ ಕೂರಿಸಿಕೊಂಡು ವಿಚಾರಿಸಿದೆ. ಕಾರ್ಖಾನೆಯಲ್ಲಿ ಅಪಘಾತವಾದಾಗ ನಾವು ಹೀಗೇ ಮಾಡುತ್ತಿದ್ದೆವು.

ಸಿದ್ದು ಹೇಳಿದ್ದು: "ಶಬ್ದ ಮುಖ್ಯ ಅಂಕಲ್. ಪಿಟೀಲು, ಹಾರ್ಮೋನಿಯಂ, ತುತ್ತೂರಿ ಇಂಥ ಹಳೇ ವಾದ್ಯ ಇರ್ಬೇಕು, ಜೊತೆಗೆ ಕಬ್ಬಿಣ ಕಬ್ಬಿಣಕ್ಕೆ ಹೊಡೀಬೇಕು. ಕಛೇರಿ ಒಳಗೆ ಕಾರ್ಖಾನೆ ನುಗ್ಗಿದಂಗೆ."

ಸಮತಾಳ ಪ್ರಕಾರ ಶಬ್ದ ಮುಖ್ಯವಲ್ಲ, ಕಥೆ ಮತ್ತು ವೇಷ ಮುಖ್ಯ. ಪ್ರತಿಯೊಬ್ಬರೂ ಒಂದೊಂದು ಪಾತ್ರ ಕಟ್ಟಿಕೊಳ್ಳಬೇಕು. ಹಾರುವ ಹಡಗಿನ ನಾವಿಕ, ಗಡಿಯಾರ ರಿಪೇರಿಯವಳು, ಆಕಾಶದಲ್ಲಿ ದರೋಡೆ ಮಾಡುವವರು, ಹುಚ್ಚು ವಿಜ್ಞಾನಿ. ಹಾಡೆಲ್ಲ ಅವರ ಸಾಹಸ.

ಪ್ರಿಯಾ ಇಬ್ಬರನ್ನೂ ತಳ್ಳಿಹಾಕಿದಳು. "ಅಪ್ಪ, ಕಂಪ್ಯೂಟರ್ ಬರದೆ, ಬರೀ ಹಬೆ ಮೇಲೇ ಪ್ರಪಂಚ ಮುಂದೆ ಹೋಗಿದ್ರೆ ಹೆಂಗಿರ್ತಿತ್ತು? ಹಳೇ ಕಾಲದೋರು ನಾಳೆ ಹಿಂಗಿರುತ್ತೆ ಅಂತ ಕನಸು ಕಂಡಿದ್ರಲ್ಲ, ಆ ನಾಳೆ ಬರ್ಲೇ ಇಲ್ಲ. ಆ ಬರದೇ ಇರೋ ನಾಳೆಯ ಹಾಡು ಇದು."

ಹೊರದೇಶದ ಮೇಳಗಳೆಲ್ಲ ಒಂದೇ ಥರ ನುಡಿಸುತ್ತಾರಾ ಎಂದು ಕೇಳಿದೆ. ಇಲ್ಲವಂತೆ. ಒಬ್ಬರದು ಇನ್ನೊಬ್ಬರಿಗೆ ಹೋಲುವುದಿಲ್ಲ, ನಿಜವಾದದ್ದು ಯಾವುದು ಎಂದು ಅವರವರಲ್ಲೇ ಹೊಡೆದಾಟವಂತೆ. ನಮ್ಮ ಯೂನಿಯನ್ನಿನ ಹಾಗೆ. ಈಗ ಸ್ವಲ್ಪ ತಿಳಿಯಿತು.

ನವೆಂಬರ್ ಒಂದಕ್ಕೆ ಬಡಾವಣೆಯ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಇವರ ಹಾಡಿದೆ. ಭದ್ರಾವತಿಯಿಂದ ಹೊರಟು ಚಂದ್ರನಿಗೆ ಹೋಗುವ ಹಬೆ ಹಡಗಿನ ಹಾಡು. ವೇದಿಕೆಗೆ ಬಾಡಿಗೆಯ ಹೊಗೆ ಮೆಷಿನ್ ತರುತ್ತಾರಂತೆ. ಬಾಯ್ಲರ್ ಸರ್ಟಿಫಿಕೇಟ್ ಇರುವವನು ಕೆಳಗಿನ ಮಹಡಿಯಲ್ಲಿ ಕೂತಿರುವಾಗ ಸುಳ್ಳು ಹೊಗೆ!

೧೯ ಸೆಪ್ಟೆಂಬರ್

ನೇಮಕ ಆಯಿತು. ಹುದ್ದೆ: ಮುಖ್ಯ ಹಬೆ ಅಧಿಕಾರಿ. ಬಾಯಿಮಾತಿನ ನೇಮಕ ನಾನು ಒಪ್ಪುವುದಿಲ್ಲ ಎಂದಾಗ ಪ್ರಿಯಾ ಹಾಳೆಯ ಮೇಲೆ ಬರೆದು ಸಹಿ ಹಾಕಿದಳು. ಗೋಡೆಗೆ ಅಂಟಿಸಿದ್ದೇನೆ.

ಬಾಯ್ಲರಿಗೆ ಪಾತ್ರೆ ಬೇಕು. ಮನೆಯವಳ ತವರಿನಿಂದ ಬಂದ ದಪ್ಪ ತಾಮ್ರದ ಇಡ್ಲಿ ಪಾತ್ರೆ ಅಟ್ಟದ ಮೇಲಿತ್ತು. ಮಾತು ಬಿಟ್ಟವಳನ್ನು ಕೇಳುವುದು ಹೇಗೆ? ಇಳಿಸಿದೆ. ಅವಳು ನೋಡಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಕೋಪವೋ ನಗುವೋ ತಿಳಿಯಲಿಲ್ಲ.

ಪಾತ್ರೆ ಹೊತ್ತು ಭದ್ರಾವತಿಗೆ ಹೋದೆ. ಬಸ್ಸಿನಲ್ಲಿ ಅದಕ್ಕೂ ಟಿಕೆಟ್ ತೆಗೆಸಿದರು. ಚೌಡಪ್ಪನ ಪರಿಚಯದ ವೆಲ್ಡಿಂಗ್ ಅಂಗಡಿಯಲ್ಲಿ ಮುಚ್ಚಳಕ್ಕೆ ಬೋಲ್ಟ್ ಕೂರಿಸಿ, ಅರ್ಧ ಕೆಜಿ ಪ್ರೆಷರಿಗೆ ಬಿಚ್ಚಿಕೊಳ್ಳುವ ಸೇಫ್ಟಿ ವಾಲ್ವ್ ಹಾಕಿಸಿದೆ. ಹಿತ್ತಾಳೆ ಪೈಪು ಕೊಯ್ದು ಮೂರು ಸೀಟಿ ಮಾಡಿದೆವು: ದೊಡ್ಡದು, ನಡುವಿನದು, ಸಣ್ಣದು.

"ಇದ್ರಾಗೆ ಚಂದ್ರಂಗೆ ಹೋಗ್ತಾರಾ?" ಅಂದ ಚೌಡಪ್ಪ.

"ಹಾಡಿನಲ್ಲಿ."

"ಹಾಡ್ನಾಗೆ ಯಾಕೆ, ಹಂಗೇ ಹೋಗ್ಬೋದು. ವೆಲ್ಡಿಂಗ್ ಬಿಟ್ರೆ."

೨೬ ಸೆಪ್ಟೆಂಬರ್

ಮೊದಲ ಪ್ರಯೋಗ ವಿಫಲ. ಹಾಗೆಂದು ನಾನು ಹೇಳುತ್ತಿದ್ದೇನೆ, ಉಳಿದವರು ಬೇರೆಯೇ ಆಟ ಆಡಿದರು.

ಗ್ಯಾಸ್ ಒಲೆ ಹಚ್ಚಿದೆ, ಹಬೆ ಏರಿತು. ದೊಡ್ಡ ಸೀಟಿ ಬಿಚ್ಚಿದೆ, ಚೆನ್ನಾಗಿ ಕೂಗಿತು. ನಡುವಿನದು ಸುಮಾರು. ಸಣ್ಣದನ್ನು ಬಿಚ್ಚಿದರೆ ಶಬ್ದವೇ ಇಲ್ಲ. ಹಬೆ ಮಾತ್ರ ಸುಯ್ಯನೆ ಹೋಗುತ್ತಿದೆ. ಕಸ ಸಿಕ್ಕಿರಬೇಕೆಂದು ಸ್ಪ್ಯಾನರಿನಿಂದ ತಟ್ಟಿದೆ, ಇನ್ನೂ ಬಿಚ್ಚಿದೆ, ಪೂರ್ತಿ ಬಿಚ್ಚಿದೆ. ಇಲ್ಲ. ತಿರುಗಿ ನೋಡಿದರೆ ಸಿದ್ದು ಎಣ್ಣೆ ಡಬ್ಬದ ಹಿಂದೆ ಮುದುಡಿಕೊಂಡಿದ್ದಾನೆ, ಸಮತಾ ಎರಡೂ ಕಿವಿಗೆ ಬೆರಳು ತುರುಕಿಕೊಂಡಿದ್ದಾಳೆ, ಪ್ರಿಯಾ ಎರಡೂ ಕೈ ಬೀಸುತ್ತಿದ್ದಾಳೆ. ಪಕ್ಕದ ಮನೆಯ ವಿಶಾಲಮ್ಮನವರು ಮಗುವನ್ನು ಎತ್ತಿಕೊಂಡು ಬೀದಿಗೆ ಓಡಿದರು. ಬೀದಿಯ ನಾಯಿಗಳೆಲ್ಲ ಮುಖ ಮೇಲೆತ್ತಿ ನಿಂತಿದ್ದವು.

ಕೂಗದ ಸೀಟಿಗೆ ಇಷ್ಟು ನಾಟಕ. ಮೂರೂ ಸೀಟಿ ಶ್ರುತಿಯಲ್ಲಿಲ್ಲ ಎಂದು ಪ್ರಿಯಾ ಆಮೇಲೆ ನನ್ನ ಮೇಲೆ ಕೂಗಾಡಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

೧ ಅಕ್ಟೋಬರ್

ಪ್ರಿಯಾ ಖಡಾಖಂಡಿತ ಹೇಳಿದಳು: "ಅಪ್ಪ, ಕಿವಿ ತೋರಿಸ್ಕಂಡು ಬಾ. ಇಲ್ಲಾಂದ್ರೆ ನಿನ್ನ ಬಾಯ್ಲರ್ ಸ್ಟೇಜ್ ಮೇಲೆ ಬರಲ್ಲ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೆಟ್ಟಿದ್ದು ಸೀಟಿ, ತೋರಿಸಬೇಕಾದ್ದು ನನ್ನ ಕಿವಿ. ಆದರೆ ಬಾಯ್ಲರ್ ಇಲ್ಲದೆ ನಾನು ತಾರಸಿಯಲ್ಲಿ ಯಾವ ಮುಖ ಹೊತ್ತು ಕೂರಲಿ? ಹೋದೆ.

ಡಾಕ್ಟರ ಹತ್ತಿರ ಒಂದು ಗೂಡಿನಂಥ ಕೋಣೆ ಇತ್ತು. ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಬಂದಾಗಲೆಲ್ಲ ಗುಂಡಿ ಒತ್ತಬೇಕು ಎಂದರು. ಮೆಷಿನ್ ಕೆಟ್ಟಿತ್ತು. ಶಬ್ದ ಬರುತ್ತಲೇ ಇರಲಿಲ್ಲ. ಪಾಪ, ಅಲ್ಲಿನ ಹುಡುಗಿಗೆ ಬೈಗುಳ ಬೀಳಬಾರದೆಂದು ಆಗೊಮ್ಮೆ ಈಗೊಮ್ಮೆ ನಾನೇ ಸುಮ್ಮನೆ ಒತ್ತಿದೆ.

ಡಾಕ್ಟರು ಏನೋ ಗೊಣಗಿ, ಕೊನೆಗೆ ಚೀಟಿಯಲ್ಲಿ ಬರೆದು ತೋರಿಸಿದರು: ಎರಡೂ ಕಿವಿ ಹೋಗುತ್ತಿವೆ, ಕಾರ್ಖಾನೆಯ ಸದ್ದಿನಿಂದ, ಮೆಷಿನ್ ಹಾಕಿಸಬೇಕು. ಆ ಮೆಷಿನ್ ತೋರಿಸಿದರು. ಹಿಸುಕಿದ ಅವರೆಕಾಳಿನಷ್ಟು, ಅದೇ ಬಣ್ಣ. ಕಿವಿಯೊಳಗೆ ಕೂತರೆ ಯಾರಿಗೂ ಕಾಣಿಸುವುದೇ ಇಲ್ಲ ಎಂದು ಬರೆದು ಅಡಿಗೆರೆ ಬೇರೆ ಎಳೆದರು.

ಯಾರಿಗೂ ಕಾಣಿಸಬಾರದೆಂದರೆ ಅದು ಕಳ್ಳಮಾಲು. ಎದ್ದು ಬಂದೆ.

ಬಸ್ಸಿನಲ್ಲಿ ಕೂತಾಗ ಹೆದರಿಕೆಯಾಯಿತು. ನಮ್ಮ ದೊಡ್ಡಪ್ಪ ಬಂಗಾರಪ್ಪನನ್ನು ಎಲ್ಲರೂ ಕಿವುಡ ಬಂಗಾರ ಎನ್ನುತ್ತಿದ್ದರು. ಮದುವೆ ಮನೆಯಲ್ಲಿ ಪಂಕ್ತಿಯ ಕೊನೆಗೆ ಕೂರಿಸುತ್ತಿದ್ದರು. ಎಲ್ಲರೂ ನಕ್ಕಮೇಲೆ ಅವನು ನಗುತ್ತಿದ್ದ, ಯಾಕೆಂದು ಗೊತ್ತಿಲ್ಲದೆ. ಮಕ್ಕಳಾದ ನಾವು ಅವನ ಬೆನ್ನ ಹಿಂದೆ ನಿಂತು ಏನೇನೋ ಹೇಳುತ್ತಿದ್ದೆವು.

ಮನೆಯಲ್ಲಿ ಕಿವಿ ಚೆನ್ನಾಗಿದೆಯಂತೆ ಎಂದೆ. ಪ್ರಿಯಾ ನನ್ನ ಮುಖವನ್ನೇ ನೋಡಿದಳು.

೫ ಅಕ್ಟೋಬರ್

ಮನೆಯವಳು ಹೋಗಿಬಿಟ್ಟಳು. ಬೆಳಿಗ್ಗೆ ನಾನು ಪೇಪರ್ ಓದುತ್ತಿದ್ದೆ. ಹಿಂದಿನಿಂದ ಬ್ಯಾಗು ಹಿಡಿದು ಬಂದವಳು ಚಪ್ಪಲಿ ಮೆಟ್ಟಿ ನಡೆದೇಬಿಟ್ಟಳು. ಹೇಳಿಲ್ಲ, ಕೇಳಿಲ್ಲ. ಹಸಿರು ಸೀರೆ ಉಟ್ಟಿದ್ದಳು. ಪ್ರಿಯಾ ಕಾಲೇಜಿನಿಂದ ಬಂದು, ಆಯನೂರಿನ ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆ, ಮೂರು ದಿನ ಎಂದು ಕೂಗಿದಳು. ಮೂರು ದಿನ ಎಂದು ಮಗಳಿಗೆ ಹೇಳಿದ್ದಾಳೆ. ತಂಗಿ ಶೇಷಮ್ಮನ ಮನೆ ದೊಡ್ಡದು, ಬಾವಿ ಇದೆ, ಸೌದೆ ಇದೆ. ಯಾಕೆ ವಾಪಸ್ ಬರಬೇಕು?

ಸಾರು ಮಾಡಿದೆ. ಚೆನ್ನಾಗಿರಲಿಲ್ಲ.

೮ ಅಕ್ಟೋಬರ್

ಬಂದಳು. ದೇವರು ದೊಡ್ಡವನು.

ಮಾತಿಲ್ಲ.

೧೨ ಅಕ್ಟೋಬರ್

ಇವತ್ತು ವೇಷ ಕೊಟ್ಟರು. ಭದ್ರಾವತಿಯ ಗುಜರಿಯಲ್ಲಿ ಸಮತಾಳಿಗೆ ಹಳೇ ಲಾರಿಯ ಹಿತ್ತಾಳೆ ಹಾರನ್ ಸಿಕ್ಕಿದೆ. ರಬ್ಬರ್ ಚೆಂಡು ಹಿಸುಕಿದರೆ ಪೋಂ ಎನ್ನುತ್ತಿತ್ತಲ್ಲ, ಅದು. ಚೆಂಡು ಹರಿದುಹೋಗಿದೆ. ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಮಾಡಿ, ಟೊಪ್ಪಿಗೆಯ ಪಕ್ಕಕ್ಕೆ ಬೆಲ್ಟಿನಿಂದ ಬಿಗಿದಿದ್ದಾಳೆ. ಅಗಲದ ಬಾಯಿ ಮುಂದಕ್ಕೆ. ಸಣ್ಣ ತುದಿಗೆ ಸೈಕಲ್ ಟ್ಯೂಬಿನ ತುಂಡು ಸಿಕ್ಕಿಸಿ ನನ್ನ ಬಲಗಿವಿಯೊಳಗೆ ಇಟ್ಟಳು.

"ಅಂಕಲ್, ಈಗಿನ ಮೆಷಿನ್‌ಗಳೆಲ್ಲ ಬಚ್ಚಿಟ್ಕಂಡಿರ್ತವೆ. ಮೊಬೈಲ್ ಬಿಚ್ಚಿದ್ರೆ ಒಳಗೆ ಏನ್ ನಡೀತಿದೆ ಅಂತ ಗೊತ್ತೇ ಆಗಲ್ಲ. ಸ್ಟೀಮ್‌ಪಂಕಲ್ಲಿ ಹಂಗಿಲ್ಲ. ಪೈಪು, ಸ್ಕ್ರೂ, ಚಕ್ರ ಎಲ್ಲ ಹೊರಗೆ ಕಾಣ್ಬೇಕು. ನಾಚ್ಕೋಬಾರ್ದು, ಮೆರೀಬೇಕು."

ಈ ಒಂದು ತಿಂಗಳಲ್ಲಿ ಈ ಮಕ್ಕಳ ಬಾಯಿಂದ ಬಂದ ಮೊದಲ ಬುದ್ಧಿಯ ಮಾತು. ಆಶ್ಚರ್ಯವೆಂದರೆ, ಅವಳು ಅದನ್ನು ಎಷ್ಟು ಸ್ಪಷ್ಟವಾಗಿ ಹೇಳಿದಳು! ಇಷ್ಟು ದಿನ ಗೊಣಗುತ್ತಿದ್ದವಳು. ಪಿಟೀಲನ್ನೂ ರಿಪೇರಿ ಮಾಡಿಸಿದ್ದಾಳೆ, ಈಗ ನುಡಿಯುತ್ತಿದೆ.

೧೪ ಅಕ್ಟೋಬರ್

ವೇಷ ಅಭ್ಯಾಸವಾಗಬೇಕಲ್ಲ, ಟೊಪ್ಪಿ ಹಾಕಿಕೊಂಡೇ ರೇಷನ್ ಅಂಗಡಿಗೆ ಹೋದೆ. ಅಂಗಡಿಯವನು ಈಗ ಸರಿಯಾಗಿ ಮಾತಾಡುತ್ತಾನೆ. ಬಸ್ಸಿನ ಕಂಡಕ್ಟರ್ ಕೂಡ. ಇಲಾಖೆಯಿಂದ ಸುತ್ತೋಲೆ ಏನಾದರೂ ಬಂದಿರಬೇಕು. ಬ್ಯಾಂಕಿನ ಹುಡುಗಿ ನನ್ನನ್ನು ನೋಡಿ ಮೊದಲು ಮ್ಯಾನೇಜರನ್ನು ಕರೆದಳು, ಆಮೇಲೆ ಚೆನ್ನಾಗಿಯೇ ಮಾತಾಡಿದಳು. ದನಿ ಇಂಪಾಗಿದೆ.

ವಿಶಾಲಮ್ಮನವರು ಗೇಟಿನ ಹತ್ತಿರ ತಡೆದರು. "ಏನ್ರೀ ಹೊನ್ನಯ್ಯನೋರೇ, ತಲೆ ಮೇಲೆ ಲಾರಿ?"

"ಸ್ಟೀಮ್‌ಪಂಕ್," ಎಂದೆ.

"ಡಾಕ್ಟ್ರಿಗೆ ತೋರಿಸಿದ್ರಾ?" ಅಂದರು. ಅದು ಕಾಯಿಲೆಯ ಹೆಸರು ಅಂದುಕೊಂಡಿದ್ದಾರೆ.

ಮನೆಯೊಳಗೆ ಟೊಪ್ಪಿ ತರುವಂತಿಲ್ಲ. ಹೊಸ್ತಿಲು ದಾಟುವಾಗ ವಿಮಲಮ್ಮ ಹಾರನ್ನಿನತ್ತ ಬೆರಳು ತೋರಿಸಿ, ಚಪ್ಪಲಿ ಗೂಡಿನತ್ತ ತೋರಿಸಿದಳು. ಲಾರಿ ಯಾವ ಯಾವ ಊರಿನಲ್ಲಿ ಯಾರ ಯಾರ ಮೇಲೆ ಹರಿದಿದೆಯೋ, ದೇವರ ಮನೆಯ ಮುಂದೆ ಅದು ಬೇಡ. ನ್ಯಾಯವೇ. ಹೊರಗಿಟ್ಟೆ.

೧೬ ಅಕ್ಟೋಬರ್

ಟೊಪ್ಪಿ ಹಾಕಿಕೊಂಡು ಸಣ್ಣ ಸೀಟಿ ಬಿಚ್ಚಿದೆ. ಕಸ ತಾನಾಗಿಯೇ ಹೋಗಿದೆ, ಕೂಗಿತು. ಅಯ್ಯೋ ದೇವರೇ. ಹಂದಿ ಕೊಯ್ದ ಹಾಗೆ. ಆವತ್ತು ವಿಶಾಲಮ್ಮನವರು ಮಗು ಎತ್ತಿಕೊಂಡು ಓಡಿದ್ದರಲ್ಲಿ ಸ್ವಲ್ಪ ನ್ಯಾಯ ಇದ್ದಿರಬಹುದು.

ಸೀಟಿಗಳನ್ನು ಅರದಿಂದ ಉಜ್ಜಿ ಉಜ್ಜಿ ಹಾರ್ಮೋನಿಯಮ್ಮಿನ ಸ್ವರಕ್ಕೆ ತಂದೆವು. ಆದರೆ ಪ್ರೆಷರ್ ಏರಿದಂತೆ ಸೀಟಿಯ ಶ್ರುತಿಯೂ ಏರುತ್ತದೆ, ಕೈಯಲ್ಲಿ ನಿಲ್ಲುವುದಿಲ್ಲ. ನಾನು ಎಷ್ಟು ಹೆಣಗಿದರೂ ಆಗಲಿಲ್ಲ. ಸೋತೆ ಎಂದು ಒಪ್ಪಿಕೊಂಡೆ. ಆಗ ಪ್ರಿಯಾ, "ಏರ್ಲಿ ಬಿಡಪ್ಪ, ಹಡಗು ಏರ್ತಿದೆ ಅಂದ್ಕಳಣ. ಅದು ಏರ್ದಂಗೆ ನಾನೂ ಏರಿಸ್ತೀನಿ," ಎಂದಳು. ಸಮತಾ ಪಿಟೀಲಿನಲ್ಲಿ ಜಾರಿಸಿಕೊಂಡು ಬೆನ್ನು ಹತ್ತಿದಳು. ಹೀಗೆ ಇಡೀ ಮೇಳ ಒಂದು ಇಡ್ಲಿ ಪಾತ್ರೆಯ ಹಿಂದೆ ಚಂದ್ರನ ಕಡೆಗೆ ಹೊರಟಿದೆ.

೨೨ ಅಕ್ಟೋಬರ್

ಭದ್ರಾವತಿಗೆ ಹೋಗದೆ ಬಹಳ ದಿನವಾಯಿತೆಂದು ಚೌಡಪ್ಪನೇ ಹೇಳಿಕಳಿಸಿದ್ದ. ಹೋದೆ. ಅದೇನು ಗಲಾಟೆ ಆ ಟೀ ಅಂಗಡಿಯಲ್ಲಿ! ಒಬ್ಬೊಬ್ಬರೂ ಗಂಟಲು ಕಿತ್ತುಹೋಗುವಂತೆ ಅರಚುತ್ತಾರೆ, ಯಾರ ಮಾತು ಯಾರಿಗೂ ಬೇಕಿಲ್ಲ. ಅಂಗಡಿಯವನಿಗೆ ನಾನೂ ಕೈಮುಗಿದೆ.

ಚೌಡಪ್ಪನಿಗೆ ಕಿವಿ ಕೇಳಿಸುವುದಿಲ್ಲವೆಂದು ಕಾಣುತ್ತದೆ. ಪಾಪ. ಹೇಳಿದರೆ ನೊಂದುಕೊಳ್ಳುತ್ತಾನೆ. "ಟೊಪ್ಪಿ ಭಾರಿ ಐತೆ ಮಾರಾಯ, ನಂಗೂ ಒಂದು ನೋಡು," ಎಂದ. ನೋಡುತ್ತೇನೆ ಎಂದು ಮುಂದಿನ ಬಸ್ಸಿಗೇ ವಾಪಸ್ ಬಂದೆ. ವಿಮಲಾಳಿಗೆ ಇಷ್ಟವೆಂದು ಹಲಸಿನ ಹಪ್ಪಳ ತಂದಿದ್ದೇನೆ.

೩೧ ಅಕ್ಟೋಬರ್

ನಾಳೆ. ಸೇಫ್ಟಿ ವಾಲ್ವ್ ನೋಡಿದೆ. ಬೋಲ್ಟ್ ನೋಡಿದೆ. ಮತ್ತೊಮ್ಮೆ ನೋಡಿದೆ.

೧ ನವೆಂಬರ್

ಇದನ್ನು ಇವತ್ತೇ ಬರೆದಿಡಬೇಕು.

ನಮ್ಮ ಸರದಿ ಬರುವ ಹೊತ್ತಿಗೆ ಹಬೆ ಸಿದ್ಧವಿರಬೇಕೆಂದು ಪರದೆಯ ಹಿಂದೆ ಒಲೆ ಹಚ್ಚಿದೆ. ಮುಖ್ಯ ಅತಿಥಿ ಶಿವಯೋಗಪ್ಪನವರು, ನಿವೃತ್ತ ಹೆಡ್‌ಮಾಸ್ಟರು, ಮಾತಾಡಲು ಎದ್ದರು. ಎರಡು ಮಾತು ಎಂದು ಶುರು ಮಾಡಿದವರು ಕದಂಬರಿಂದ ಹೊರಟು ಹೊಯ್ಸಳರಿಗೆ ಬಂದರು. ನನ್ನ ಪ್ರೆಷರ್ ಏರುತ್ತಿತ್ತು. ಒಲೆ ಸಣ್ಣ ಮಾಡಿದೆ. ಅವರು ವಿಜಯನಗರಕ್ಕೆ ಬಂದರು. ಒಲೆ ಆರಿಸಿದರೆ ಮತ್ತೆ ಹಬೆ ಏಳಲು ಹೊತ್ತು ಬೇಕು, ಈಗಲೋ ಆಗಲೋ ಮುಗಿಸುತ್ತಾರೆಂದು ಆರಿಸಲಿಲ್ಲ, ಅದು ನನ್ನ ತಪ್ಪು. "ಕನ್ನಡದ ದನಿ ದಿಕ್ಕು ದಿಕ್ಕಿಗೂ ಮೊಳಗಬೇಕು," ಎಂದು ಅವರು ಕೈ ಎತ್ತಿದ್ದೇ ತಡ, ವಾಲ್ವ್ ಬಿಚ್ಚಿಕೊಂಡಿತು. ನಾನು ಗಾಬರಿಯಲ್ಲಿ ಮೂರೂ ಸೀಟಿ ಬಿಚ್ಚಿ ಹಬೆ ಇಳಿಸಿದೆ. ಪರದೆ ಹಾರಿತು. ಶಿವಯೋಗಪ್ಪನವರು ಹಬೆಯ ನಡುವೆ ಕೈ ಎತ್ತಿಕೊಂಡೇ ನಿಂತಿದ್ದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮೇಷ್ಟ್ರು ಅದು ತಮಗೇ ಎಂದುಕೊಂಡು ನಮಸ್ಕಾರ ಮಾಡಿ ಕೂತರು.

ಹಾಡು ಶುರುವಾಯಿತು. ಸಿದ್ದು ತಗಡು ಬಡಿದ. ಸೀಟಿ ಏರಿತು, ಪ್ರಿಯಾ ಏರಿದಳು, ಪಿಟೀಲು ಏರಿತು. ಅರ್ಧ ದಾರಿಯಲ್ಲಿ ನೀರು ಮುಗಿದು ಹಬೆ ಕುಸಿಯಿತು. ಸೀಟಿ ಮೆಲ್ಲಗೆ ಇಳಿಯತೊಡಗಿತು. ಆಗ ಪ್ರಿಯಾ ನನ್ನ ಕಡೆ ನೋಡಿದಳು, ಬೈಯಲಿಲ್ಲ, ತಾನೂ ಅದರ ಜೊತೆಗೇ ದನಿ ಇಳಿಸುತ್ತಾ, ಅಲ್ಲೇ ಕಟ್ಟಿದ ಸಾಲುಗಳಲ್ಲಿ ಹಡಗನ್ನು ಇಲ್ಲೇ ಊರಂಚಿನ ನವುಲೆಯ ಗದ್ದೆಯಲ್ಲಿ ಇಳಿಸಿಬಿಟ್ಟಳು. ಚಂದ್ರ ನಾಳೆ ನೋಡೋಣ, ಇಲ್ಲೂ ಬೆಳದಿಂಗಳಿದೆ ಎಂದು ಹಾಡಿದಳು. ಜನ ಬಿದ್ದು ಬಿದ್ದು ನಕ್ಕರು.

ನನ್ನ ಮಗಳ ದನಿ ಇಷ್ಟು ತೆಳ್ಳಗೆ, ಇಷ್ಟು ಮೆದುವಾಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಅವಳು ಕಿರುಚುವುದನ್ನಷ್ಟೇ ಕೇಳಿದ್ದೆ. ದೊಡ್ಡ ಕನ್ನಡಕ ಹಾಕಿದ್ದರಿಂದ ನಾನು ಅತ್ತದ್ದು ಯಾರಿಗೂ ಕಾಣಲಿಲ್ಲ.

ವಿಮಲಾ ಎರಡನೇ ಸಾಲಿನಲ್ಲಿ ವಿಶಾಲಮ್ಮನವರ ಪಕ್ಕ ಕೂತಿದ್ದಳು.

೨ ನವೆಂಬರ್

ಬೆಳಿಗ್ಗೆ ತಾರಸಿಯಲ್ಲಿ ಸೀಟಿ, ವಾಲ್ವ್ ಎಲ್ಲ ಬಿಚ್ಚಿ, ಇಡ್ಲಿ ಪಾತ್ರೆ ತೊಳೆದೆ. ಟೊಪ್ಪಿಯನ್ನು ಹುಡುಗರಿಗೆ ವಾಪಸ್ ಕೊಡಬೇಕಲ್ಲ ಎಂದು ಬೇಜಾರಿತ್ತು, ಹಾಕಿಕೊಂಡೇ ಇದ್ದೆ. ಪಾತ್ರೆಯನ್ನು ಎರಡೂ ಕೈಯಲ್ಲಿ ಹೊತ್ತು ಕೆಳಗೆ ಬಂದೆ. ಟೊಪ್ಪಿ ತೆಗೆಯಲು ಕೈ ಖಾಲಿ ಇರಲಿಲ್ಲ. ಹಾಗೇ ಹೊಸ್ತಿಲು ದಾಟಿ ಅಡುಗೆಮನೆಯ ಬಾಗಿಲಿಗೆ ಬಂದೆ.

ವಿಮಲಾ ನನಗೆ ಬೆನ್ನು ಹಾಕಿ ತರಕಾರಿ ಹೆಚ್ಚುತ್ತಿದ್ದಳು. ಮಾತಾಡುತ್ತಿದ್ದಳು.

"...ಗ್ಯಾಸ್‌ನ ಹುಡುಗ ನಾಳೆ ಬರ್ತಾನಂತೆ. ನಿನ್ನೆ ಪ್ರಿಯಾ ಹಾಡಿದ್ದು ಚೆನ್ನಾಗಿತ್ತು, ಅಲ್ವಾ? ನಂಗೆ ನಮ್ಮ ಅವ್ವ ನೆನಪಾದ್ಲು, ಅವಳೂ ಹಿಂಗೇ ತೆಳ್ಳಗೆ ಹಾಡ್ತಿದ್ಲು. ನಂಗೇ ಈಗ ಭಜನೇಲಿ ಬರೀ ತಾಳ ಹಿಡಿ ಅಂದಿದಾರೆ, ಗಂಟಲು ಏಳಲ್ಲ. ಶೇಷಿ ಮೊಮ್ಮಗೂಗೆ ಹೆಸರಿಟ್ಟಿದ್ದು ಹೇಳಿದ್ನಲ್ಲ, ಆಗ್ಲೇ ಮುಖ ನೋಡಿ ನಗುತ್ತಂತೆ..."

ದನಿ ಒರಟಾಗಿತ್ತು, ಒಡೆದಿತ್ತು. ಒಳಗೆ ಯಾರೋ ಇದ್ದಾರೆಂದು ಬಗ್ಗಿ ನೋಡಿದೆ. ಯಾರೂ ಇರಲಿಲ್ಲ. ಪ್ರಿಯಾ ಆಗಲೇ ಕಾಲೇಜಿಗೆ ಹೋಗಿದ್ದಳು.

"ಯಾರ ಜೊತೆ ಮಾತಾಡ್ತಿದ್ದೀಯ?" ಅಂದೆ.

ಅವಳು ತಿರುಗಿದಳು. ಈಳಿಗೆಯ ಮೇಲೆ ಕೈ ನಿಂತಿತು.

"ನಿಮ್ಮ ಜೊತೆ. ನೀವು ಮೆಟ್ಲಿಳಿದಿದ್ದು ಕೇಳಿಸ್ತು," ಎಂದಳು. "ದಿನಾ ಮಾತಾಡ್ತೀನಲ್ಲ."

"ನೀನು ಮಾತು ಬಿಟ್ಟಿದ್ದೆ."

"ನಾನ್ಯಾಕೆ ಮಾತು ಬಿಡ್ಲಿ? ಕೂಗೋದು ಬಿಟ್ಟೆ."

ಪಾತ್ರೆ ಹಿಡಿದುಕೊಂಡೇ ನಾನು ನೆಲದ ಮೇಲೆ ಕೂತುಬಿಟ್ಟೆ. ಗಣಪತಿ ಹಬ್ಬದಿಂದ ಇವತ್ತಿನವರೆಗೆ ಇವಳು ಬೆನ್ನು ಹಾಕಿ ನಿಂತು ನನಗೆ ಏನೇನು ಹೇಳಿದ್ದಾಳೋ. ಒಂದು ಮಗು ಹುಟ್ಟಿ, ಹೆಸರು ಪಡೆದು, ಮುಖ ನೋಡಿ ನಗುವಷ್ಟು ದೊಡ್ಡದಾಗಿದೆ, ನನಗೆ ಗೊತ್ತಿಲ್ಲ. ನಾನು ಮಾತಿಗೆ ಕಾಯುತ್ತಿದ್ದೆ, ಅವಳು ಉತ್ತರಕ್ಕೆ ಕಾಯುತ್ತಿದ್ದಳು.

ಅವಳು ಹತ್ತಿರ ಬಂದು ಕೂತಳು. ಲಾರಿಯ ಸಾಮಾನು ದೇವರ ಮನೆಯ ಎದುರಿಗೇ ಇತ್ತು, ಅದನ್ನು ತೆಗೆಯಿರಿ ಎನ್ನಲಿಲ್ಲ. ಸೆರಗಿನಿಂದ ಹಿತ್ತಾಳೆಯ ಬಾಯಿಯನ್ನು ಒರೆಸಿ, ತನ್ನ ಕಡೆಗೆ ಸ್ವಲ್ಪ ತಿರುಗಿಸಿಕೊಂಡಳು.

"ಕೇಳಿಸ್ತಿದ್ಯಾ?"

"ಕೇಳಿಸ್ತಿದೆ. ಮೊದಲಿಂದ ಹೇಳು," ಅಂದೆ.

ಹೇಳಿದಳು. ಮಧ್ಯಾಹ್ನ ಊಟಕ್ಕೆ ಏಳುವ ಹೊತ್ತಿಗೆ ಸೆಪ್ಟೆಂಬರ್ ಮುಗಿದಿತ್ತು.